ಕುರುಗೋಡಿನ ‘ರೆಫರ್’ ಚೀಟಿ ಯಾರ ಲೆಕ್ಕಕ್ಕೆ?

2024ರ ನವೆಂಬರ್ 9ರಿಂದ 11ರವರೆಗೆ, ಮೂರೇ ದಿನಗಳಲ್ಲಿ, ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ 34 ಸಿಸೇರಿಯನ್ ಹೆರಿಗೆಗಳಾದವು. ಆಸ್ಪತ್ರೆಯ ಕೆಲಸವನ್ನು ಅಂಕಿಅಂಶದಲ್ಲಿ ಅಳೆಯುವವರ ಮುಂದೆ ಈ ಒಂದು ಸಂಖ್ಯೆಯನ್ನಷ್ಟೇ ಇಟ್ಟರೆ ‘ಭೇಷ್’ ಎಂದಾರು. ದಿನಕ್ಕೆ ಹನ್ನೊಂದಕ್ಕಿಂತ ಹೆಚ್ಚು ಆಪರೇಷನ್, ಅದೂ ಸರಕಾರಿ ಆಸ್ಪತ್ರೆಯಲ್ಲಿ, ಅದೂ ಬಡವರ ಮನೆಯ ಹೆಣ್ಣುಮಕ್ಕಳಿಗೆ. ತಿಂಗಳ ವರದಿಯಲ್ಲಿ ಇದು ಸಾಧನೆಯ ಸಾಲು.

ಆ 34 ತಾಯಂದಿರಲ್ಲಿ ಏಳು ಮಂದಿಗೆ ಕಿಡ್ನಿ ಕೈಕೊಟ್ಟಿತು, ಅಂಗಾಂಗಗಳು ಒಂದೊಂದಾಗಿ ಸೋತವು. ನವೆಂಬರ್ ಮುಗಿಯುವ ಮೊದಲೇ ನಾಲ್ವರು ತೀರಿಕೊಂಡರು. ಡಿಸೆಂಬರ್ ಮೊದಲ ವಾರದಲ್ಲಿ ಐದನೆಯ ತಾಯಿಯೂ ಹೋದರು. ಹಸುಗೂಸುಗಳು ಅಜ್ಜಿಯಂದಿರ ಮಡಿಲಿಗೆ ಬಂದವು. ಅನುಮಾನ ಬಿದ್ದದ್ದು ರಿಂಗರ್ ಲ್ಯಾಕ್ಟೇಟ್ ಎಂಬ, ನಾವೆಲ್ಲ ‘ಗ್ಲೂಕೋಸ್ ಬಾಟಲಿ’ ಎಂದೇ ಕರೆಯುವ, ರಕ್ತನಾಳಕ್ಕೆ ಏರಿಸುವ ದ್ರಾವಣದ ಮೇಲೆ. ಪಶ್ಚಿಮ ಬಂಗಾಳದ ಒಂದು ಕಂಪೆನಿ ಅದನ್ನು ಪೂರೈಸಿತ್ತು. ಸರಕಾರ ಕಂಪೆನಿಯನ್ನು ಕಪ್ಪುಪಟ್ಟಿಗೆ ಸೇರಿಸಿತು, ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಅದೇ ಕಂಪೆನಿಯ ಕೆಲವು ಬ್ಯಾಚ್‌ಗಳನ್ನು ರಾಜ್ಯದ ಪ್ರಯೋಗಾಲಯ ಮೊದಲೇ ಫೇಲ್ ಮಾಡಿತ್ತು, ಕೇಂದ್ರದ ಪ್ರಯೋಗಾಲಯ ಪಾಸ್ ಮಾಡಿತ್ತು ಎಂಬ ಸಂಗತಿಯೂ ಆಗ ಹೊರಬಂತು.

ಔಷಧದ ಕಥೆ ತನಿಖೆಗೆ ಸೇರಿದ್ದು. ನಾವಿಲ್ಲಿ ಕೇಳುವುದು ಬೇರೆ ಪ್ರಶ್ನೆ. ಒಂದು ಆಸ್ಪತ್ರೆ ಚೆನ್ನಾಗಿ ಕೆಲಸ ಮಾಡುತ್ತಿದೆ ಅಂತ ನಾವು ಯಾವ ಲೆಕ್ಕದ ಮೇಲೆ ಹೇಳುತ್ತೇವೆ? ಸರಕಾರಿ ಭಾಷೆಯಲ್ಲಿ ಇದಕ್ಕೆ ಉತ್ಪಾದಕತೆ, ದಕ್ಷತೆ ಎಂಬ ಹೆಸರುಗಳಿವೆ. ಹೊರರೋಗಿಗಳು ಎಷ್ಟು, ಒಳರೋಗಿಗಳು ಎಷ್ಟು, ಹೆರಿಗೆ ಎಷ್ಟು, ಆಪರೇಷನ್ ಎಷ್ಟು, ನೂರಕ್ಕೆ ಎಷ್ಟು ಹಾಸಿಗೆ ತುಂಬಿತ್ತು, ಒಬ್ಬ ರೋಗಿ ಸರಾಸರಿ ಎಷ್ಟು ದಿನ ಮಲಗಿದ್ದ. ಈ ಸಂಖ್ಯೆಗಳು ಪ್ರತಿ ತಿಂಗಳು ಊರಿನ ಆರೋಗ್ಯ ಕೇಂದ್ರದಿಂದ ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಿಂದ ಬೆಂಗಳೂರು, ದಿಲ್ಲಿಗೆ ಹೋಗುತ್ತವೆ. ಐವರು ತಾಯಂದಿರು ಸತ್ತ ತಿಂಗಳುಗಳಲ್ಲೂ ಹೋಗಿರುತ್ತವೆ.

ಬಳ್ಳಾರಿ ಎಲ್ಲಿ, ನಮ್ಮ ಕರಾವಳಿ ಎಲ್ಲಿ, ಈ ಪುಟದಲ್ಲಿ ಇದೇಕೆ ಅಂತ ಯಾರಾದರೂ ಕೇಳಬಹುದು. ಮಂಗಳೂರಿನ ವೆನ್‌ಲಾಕ್ ವಾರ್ಡುಗಳಲ್ಲಿ ಒಂದು ಸುತ್ತು ಬಂದವರು ಕೇಳಲಾರರು. ಅಲ್ಲಿ ನಮ್ಮ ಬ್ಯಾರಿ, ತುಳು ಮಾತಿನ ನಡುವೆ ‘ಏನ್ರೀ ಅಣ್ಣಾರ, ಈ ಎಕ್ಸ್‌ರೇ ಎಲ್ಲಿ ತಗೀತಾರ?’ ಎನ್ನುವ ಉತ್ತರ ಕರ್ನಾಟಕದ ಮಾತು ಕಿವಿಗೆ ಬೀಳುತ್ತದೆ. ತುರ್ತಿಗೆ ರಕ್ತ ಬೇಕು ಅಂತ ನಮ್ಮ ಹುಡುಗರ ವಾಟ್ಸ್ಆ್ಯಪ್ ಗುಂಪುಗಳಿಗೆ ಬರುವ ಸಂದೇಶಗಳಲ್ಲಿ ಆ ಕಡೆಯ ಊರುಗಳ ಹೆಸರೂ ಇರುತ್ತದೆ. ನಮ್ಮ ಜಿಲ್ಲೆಯಲ್ಲಿ ಹೆಜ್ಜೆಗೊಂದು ಮೆಡಿಕಲ್ ಕಾಲೇಜು. ಅವರ ಕಡೆ ಹಾಗಿಲ್ಲ. ಆ ವ್ಯತ್ಯಾಸ ಬಸ್ ಹತ್ತಿ ಇಲ್ಲಿಗೆ ಬರುತ್ತದೆ.

ಇನ್ನು ನಕ್ಷೆ ನೋಡಿ. 2021ರಲ್ಲಿ ವಿಜಯನಗರ ಬೇರೆ ಜಿಲ್ಲೆಯಾದ ಮೇಲೆ ಬಳ್ಳಾರಿಗೆ ಉಳಿದದ್ದು ಬಳ್ಳಾರಿ, ಸಿರುಗುಪ್ಪ, ಸಂಡೂರು, ಕಂಪ್ಲಿ, ಕುರುಗೋಡು ಎಂಬ ಐದು ತಾಲ್ಲೂಕು. ನಗರದಲ್ಲಿ ಜಿಲ್ಲಾಸ್ಪತ್ರೆ ಉಂಟು. 1961ರಲ್ಲಿ ಶುರುವಾದ ಸರಕಾರಿ ವೈದ್ಯಕೀಯ ಕಾಲೇಜು, ಅಂದರೆ ಜನ ಈಗಲೂ ‘ವಿಮ್ಸ್’ ಎನ್ನುವ ದೊಡ್ಡಾಸ್ಪತ್ರೆಯೂ ಉಂಟು. ಸಿರುಗುಪ್ಪ ಅಲ್ಲಿಂದ ಸುಮಾರು 55 ಕಿ.ಮೀ. ತುಂಗಭದ್ರೆಯ ನೀರು, ಭತ್ತದ ಗದ್ದೆ, ರೈಸ್ ಮಿಲ್ಲುಗಳ ಊರು. ನಡುವೆ ತೆಕ್ಕಲಕೋಟೆ. ಕುರುಗೋಡು ಇನ್ನೊಂದು ದಿಕ್ಕಿಗೆ, ಸುಮಾರು 30 ಕಿ.ಮೀ., ಬಳ್ಳಾರಿ ತಾಲ್ಲೂಕಿನಿಂದ ಒಡೆದು ಈಚೆಗೆ ತಾಲ್ಲೂಕಾದ ಊರು. ಹೊಸ ತಾಲ್ಲೂಕು ಅಂದರೆ ನಮಗೆಲ್ಲ ಗೊತ್ತೇ ಇದೆ: ಮೊದಲು ತಹಶೀಲ್ದಾರರ ಬೋರ್ಡು ಬರುತ್ತದೆ, ಆಸ್ಪತ್ರೆ ಆಮೇಲೆ ದೊಡ್ಡದಾಗುತ್ತದೆ. ನಿಯಮದ ಪ್ರಕಾರ ಸಮುದಾಯ ಆರೋಗ್ಯ ಕೇಂದ್ರ ಅಂದರೆ 30 ಹಾಸಿಗೆ, ತಾಲ್ಲೂಕು ಆಸ್ಪತ್ರೆ ಅಂದರೆ ನಮ್ಮ ರಾಜ್ಯದಲ್ಲಿ ಸಾಮಾನ್ಯವಾಗಿ 100.

ಈಗ ಹಾಸಿಗೆಯ ಲೆಕ್ಕ ಮಾಡೋಣ, ಕಷ್ಟವೇನಿಲ್ಲ. 100 ಹಾಸಿಗೆಯ ಆಸ್ಪತ್ರೆಗೆ 30 ದಿನಕ್ಕೆ 3,000 ಹಾಸಿಗೆ-ದಿನಗಳು. ಅದರಲ್ಲಿ 2,400 ದಿನ ರೋಗಿಗಳು ಮಲಗಿದ್ದರೆ ಶೇ. 80 ಭರ್ತಿ. ಇದನ್ನು ಒಳ್ಳೆಯ ಗುರುತು ಅಂತಲೇ ಎಲ್ಲ ಕಡೆ ಒಪ್ಪುತ್ತಾರೆ. ಈ 2,400 ದಿನದಲ್ಲಿ 600 ರೋಗಿಗಳನ್ನು ತಲಾ ನಾಲ್ಕು ದಿನ ಇಟ್ಟುಕೊಂಡು ನೋಡಬಹುದು, 800 ರೋಗಿಗಳನ್ನು ತಲಾ ಮೂರು ದಿನಕ್ಕೆ ಮನೆಗೆ ಕಳಿಸಲೂಬಹುದು. ಹಾಸಿಗೆ ಅಷ್ಟೇ, ನರ್ಸ್ ಅಷ್ಟೇ, ಆದರೆ ಎರಡನೆಯ ಆಸ್ಪತ್ರೆಯ ‘ಉತ್ಪಾದಕತೆ’ ಮೂರನೇ ಒಂದು ಪಾಲು ಹೆಚ್ಚು. ಕಾಗದದ ಮೇಲೆ ಅದು ಗೆದ್ದಿತು. ಒಂದು ದಿನ ಮೊದಲೇ ಮನೆಗೆ ಹೋದವರಲ್ಲಿ ಐವತ್ತು ಮಂದಿಗೆ ಹೊಲಿಗೆ ಕೀವಾಗಿ, ಜ್ವರ ಬಂದು ಮತ್ತೊಂದು ಆಸ್ಪತ್ರೆಗೆ ಓಡಿದರು ಅಂತಿಟ್ಟುಕೊಳ್ಳಿ. ಅವರು ಅಲ್ಲಿ ‘ಹೊಸ ರೋಗಿ’. ಆ ಆಸ್ಪತ್ರೆಯ ಉತ್ಪಾದಕತೆಯೂ ಏರಿತು! ಕೀವಾದ ಹೊಲಿಗೆಯಿಂದ ಎರಡೆರಡು ಆಸ್ಪತ್ರೆಗಳು ಉದ್ಧಾರವಾದಂತೆ. ಮನೆಯವರ ಸಾಲ ಮಾತ್ರ ಯಾವ ಕಾಲಂನಲ್ಲೂ ಬರುವುದಿಲ್ಲ.

ರೆಫರ್ ವಿಷಯದಲ್ಲಿ ಇದು ಇನ್ನೂ ತಮಾಷೆ. ಕುರುಗೋಡಿನ ಹತ್ತಿರದ ಒಂದು ಹಳ್ಳಿಯ ಬಸುರಿಗೆ ರಾತ್ರಿ ಹತ್ತು ಗಂಟೆಗೆ ನೋವು ಕಾಣಿಸಿಕೊಂಡಿತು ಅಂತ ತಿಳಿಯಿರಿ. ಊರಿನ ಕೇಂದ್ರಕ್ಕೆ ಬಂದರು. ಬಿಪಿ ಜಾಸ್ತಿ, ‘ಬಳ್ಳಾರಿಗೆ ಕರ್ಕೊಂಡು ಹೋಗ್ರಿ’ ಅಂತ ಚೀಟಿ ಬರೆದರು. 108 ಬಂತು. ಬಳ್ಳಾರಿಯಲ್ಲಿ ದಾಖಲು, ಸಿಸೇರಿಯನ್. ಒಬ್ಬಳೇ ಹೆಂಗಸು. ಆದರೆ ಕುರುಗೋಡಿನ ಪುಸ್ತಕದಲ್ಲಿ ಒಂದು ನೋಡಿದ ಕೇಸ್, 108ರ ಪುಸ್ತಕದಲ್ಲಿ ಒಂದು ಯಶಸ್ವಿ ಟ್ರಿಪ್, ಬಳ್ಳಾರಿಯ ಪುಸ್ತಕದಲ್ಲಿ ಒಂದು ದಾಖಲಾತಿ, ಒಂದು ಆಪರೇಷನ್. ನಾಲ್ಕು ಕಡೆ ಸಾಧನೆ. ಅವಳು ನೋವಿನಲ್ಲಿ ಕಳೆದ ನಾಲ್ಕೋ ಐದೋ ಗಂಟೆ ಮಾತ್ರ ಯಾರ ಪುಸ್ತಕದಲ್ಲೂ ಇಲ್ಲ.

ಚೀಟಿ ಬರೆದ ಡಾಕ್ಟರನ್ನು ಬೈಯುವುದು ಸುಲಭ. ನಾವು ಬೈಯುವುದಿಲ್ಲ. ಕೈಯಲ್ಲಿ ಅರಿವಳಿಕೆ ತಜ್ಞರಿಲ್ಲ, ರಕ್ತವಿಲ್ಲ ಅಂದಾಗ ಸಮಯಕ್ಕೆ ಸರಿಯಾಗಿ ಮುಂದಕ್ಕೆ ಕಳಿಸುವುದೇ ಒಳ್ಳೆಯ ವೈದ್ಯ. ನಮ್ಮ ತಕರಾರು ಚೀಟಿ ಬರೆದ ಮೇಲೆ ಅದು ಯಾರದೂ ಅಲ್ಲದ ಕಾಗದವಾಗುತ್ತದೆ ಎಂಬುದು. ಬಳ್ಳಾರಿಗೆ ಎಷ್ಟು ಗಂಟೆಗೆ ಮುಟ್ಟಿದಳು, ಅಲ್ಲಿ ಎಷ್ಟು ಹೊತ್ತು ಕಾಯಿಸಿದರು, ತಾಯಿ ಮಗು ಏನಾದರು ಅನ್ನುವ ಉತ್ತರ ಕುರುಗೋಡಿಗೆ ವಾಪಸ್ ಬರಬೇಕಲ್ಲ? ಬಂದರೆ ತಾನೆ ಆ ವೈದ್ಯರಿಗೂ ತಾವು ಬೇಗ ಕಳಿಸಿದೆವೋ, ತಡವಾಗಿ ಕಳಿಸಿದೆವೋ, ಕಳಿಸುವ ಅಗತ್ಯವೇ ಇರಲಿಲ್ಲವೋ ಅಂತ ಗೊತ್ತಾಗುವುದು?

ತಾಯಂದಿರ ಸಾವಿನ ಬಗ್ಗೆ 1994ರಲ್ಲಿ ಥ್ಯಾಡಿಯಸ್ ಮತ್ತು ಮೇನ್ ಎಂಬಿಬ್ಬರು ಸಂಶೋಧಕಿಯರು ಹೇಳಿದ ‘ಮೂರು ವಿಳಂಬ’ಗಳ ಮಾತು ಆರೋಗ್ಯ ಇಲಾಖೆಯ ತರಬೇತಿಗಳಲ್ಲಿ ಇವತ್ತಿಗೂ ಓಡುತ್ತದೆ. ಮನೆಯವರು ಹೊರಡಲು ತೀರ್ಮಾನಿಸುವಲ್ಲಿ ತಡ, ದಾರಿಯಲ್ಲಿ ತಡ, ಆಸ್ಪತ್ರೆಗೆ ಮುಟ್ಟಿದ ಮೇಲೆ ಚಿಕಿತ್ಸೆ ಸಿಗುವಲ್ಲಿ ತಡ. ನಮ್ಮಲ್ಲಿ ಅಳೆಯುವುದು ನಡುವಿನದ್ದರ ಒಂದು ತುಂಡನ್ನು ಮಾತ್ರ. 2008ರಲ್ಲಿ ರಾಜ್ಯದಲ್ಲಿ 108 ಆರಂಭವಾದಂದಿನಿಂದ ಕರೆ ಬಂದು ಎಷ್ಟು ನಿಮಿಷಕ್ಕೆ ಆಂಬುಲೆನ್ಸ್ ಬಾಗಿಲಿಗೆ ಬಂತು ಎಂಬುದೇ ದೊಡ್ಡ ಲೆಕ್ಕ. ಬಾಗಿಲಿಗೆ ಬಂದದ್ದರಿಂದ ಹೆಂಗಸು ಬದುಕುವುದಿಲ್ಲ. ಆಪರೇಷನ್ ಟೇಬಲ್ಲಿಗೆ ಎಷ್ಟು ಹೊತ್ತಿಗೆ ಹೋದಳು ಅನ್ನುವುದು ಲೆಕ್ಕ. ಗದ್ದೆ ಕೊಯ್ಲಿನ ಹೊತ್ತಿಗೆ ಸಿರುಗುಪ್ಪದ ರಸ್ತೆಯಲ್ಲಿ ಭತ್ತದ ಲಾರಿ, ಟ್ರಾಕ್ಟರುಗಳ ಸಾಲಿನ ಹಿಂದೆ ಸಿಕ್ಕಿಕೊಂಡವರಿಗೆ 55 ಕಿ.ಮೀ. ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಅಂಕಿಅಂಶದವರು ಒಂದು ಮಾತು ಹೇಳುತ್ತಾರೆ: ಸಿರುಗುಪ್ಪದಂಥ ತಾಲ್ಲೂಕು ಆಸ್ಪತ್ರೆಗಳಲ್ಲಿ ಆಪರೇಷನ್ ಕಡಿಮೆ, ವೈದ್ಯರ ತಲಾ ಉತ್ಪಾದಕತೆ ಕಡಿಮೆ, ಹಾಗಾಗಿ ಹುದ್ದೆ ಹೆಚ್ಚಿಸಿ ಪ್ರಯೋಜನವಿಲ್ಲ, ಜಿಲ್ಲಾ ಕೇಂದ್ರವನ್ನೇ ದೊಡ್ಡದು ಮಾಡಿ. ಕೇಳಲು ಸರಿ ಅನಿಸುತ್ತದೆ. ಇದರ ಒಳಗಿನ ಕೆಲಸ ನೋಡಿ. ಇಲಾಖೆಯ ನಿಯಮದಲ್ಲೇ ತಾಲ್ಲೂಕು ಆಸ್ಪತ್ರೆಯೊಂದು ‘ಮೊದಲ ರೆಫರಲ್ ಘಟಕ’ ಅನ್ನಿಸಿಕೊಳ್ಳಬೇಕಾದರೆ ಮೂರು ಇರಲೇಬೇಕು: ಸಿಸೇರಿಯನ್ ಸಹಿತ ದಿನದ 24 ಗಂಟೆಯ ತುರ್ತು ಹೆರಿಗೆ ಸೇವೆ, ನವಜಾತ ಶಿಶುವಿನ ಆರೈಕೆ, ರಕ್ತ ಸಂಗ್ರಹದ ವ್ಯವಸ್ಥೆ. ಸಿಸೇರಿಯನ್‌ಗೆ ಹೆರಿಗೆ ತಜ್ಞರೊಬ್ಬರೇ ಸಾಲದು, ಅರಿವಳಿಕೆ ಕೊಡುವವರು ಪಕ್ಕದಲ್ಲಿ ನಿಲ್ಲಬೇಕು. ಇವುಗಳಲ್ಲಿ ಒಂದು ಇಲ್ಲವಾದರೂ ಉಳಿದದ್ದೆಲ್ಲ ಇದ್ದೂ ಇಲ್ಲ. ಅರಿವಳಿಕೆ ತಜ್ಞರು ರಜೆಯಲ್ಲಿರುವ ಊರಿನಲ್ಲಿ ಎಂಥ ನುರಿತ ಹೆರಿಗೆ ತಜ್ಞೆಯೂ ರೆಫರ್ ಚೀಟಿ ಬರೆಯುತ್ತ ಕೂರಬೇಕು. ತಿಂಗಳ ಕೊನೆಗೆ ಅವರ ಹೆಸರಿನ ಮುಂದೆ ‘ಕಡಿಮೆ ಉತ್ಪಾದಕತೆ’. ಆ ಕಡಿಮೆ ಸಂಖ್ಯೆಯನ್ನು ತೋರಿಸಿ ಅರಿವಳಿಕೆ ತಜ್ಞರ ಹುದ್ದೆಯನ್ನೇ ಕೊಡುವುದಿಲ್ಲ ಅಂದರೆ? ಎತ್ತಿನ ಗಾಡಿಗೆ ಒಂದೇ ಚಕ್ರ ಕೊಟ್ಟು, ಎತ್ತು ಸೋಮಾರಿ ಅಂದಂತಾಯಿತು.

ಹುದ್ದೆ ‘ಭರ್ತಿ’ಯಾಗಿದೆ ಎಂಬ ಮಾತನ್ನೂ ಸ್ವಲ್ಪ ಬಿಡಿಸಬೇಕು. ಮಂಜೂರಾದ ಹುದ್ದೆ ಒಂದು, ಇರುವವರು ಒಬ್ಬರು, ನೂರಕ್ಕೆ ನೂರು. ಆದರೆ ತಿಂಗಳಿಗೆ ಮೂವತ್ತು ರಾತ್ರಿ. ಒಬ್ಬ ಮನುಷ್ಯ ಮೂವತ್ತು ರಾತ್ರಿ ಎಚ್ಚರ ಇರಲಾರ. ಹಗಲೆಲ್ಲ ಹೊರರೋಗಿ ನೋಡಿ ರಾತ್ರಿ ಹತ್ತಾದರೂ ಆಪರೇಷನ್‌ಗೆ ಸಿಗುತ್ತಾರೆ ಅಂದರೆ ಅದೇ ದೊಡ್ಡದು. ಉಳಿದ ಇಪ್ಪತ್ತು ರಾತ್ರಿ ಊರಿಗೆ ಊರೇ ಬಳ್ಳಾರಿ ದಾರಿ ಹಿಡಿಯಬೇಕು. ಕಾಗದದಲ್ಲಿ ಮಾತ್ರ ನೂರಕ್ಕೆ ನೂರು. ನಮ್ಮ ಅಭಿಪ್ರಾಯ ಸ್ಪಷ್ಟ: ತಾಲ್ಲೂಕು ಆಸ್ಪತ್ರೆಯನ್ನು ಅಳೆಯಲು ಒಂದೇ ಒಂದು ಸಂಖ್ಯೆ ಆರಿಸಿ ಅಂದರೆ ನಾವು ಆಪರೇಷನ್ನಿನ ಸಂಖ್ಯೆ ಆರಿಸುವುದಿಲ್ಲ. ಮೂವತ್ತು ರಾತ್ರಿಗಳಲ್ಲಿ ಎಷ್ಟು ರಾತ್ರಿ ಹೆರಿಗೆ ತಜ್ಞರು, ಅರಿವಳಿಕೆ ತಜ್ಞರು, ಮಕ್ಕಳ ವೈದ್ಯರು, ಫ್ರಿಜ್‌ನಲ್ಲಿ ರಕ್ತ, ಈ ನಾಲ್ಕೂ ಒಟ್ಟಿಗೆ ಇದ್ದವು ಎಂಬುದನ್ನು ಆರಿಸುತ್ತೇವೆ. ಆ ಸಂಖ್ಯೆ ಸಿರುಗುಪ್ಪದಲ್ಲಿ ಏರಿದಷ್ಟೂ ಬಳ್ಳಾರಿಯ ಹೆರಿಗೆ ವಾರ್ಡಿನ ನೂಕುನುಗ್ಗಲು ಇಳಿಯುತ್ತದೆ. ಮೂರು ದಿನಕ್ಕೆ 34 ಎಂಬ ಒತ್ತಡ ಒಂದೇ ಆಸ್ಪತ್ರೆಯ ಮೇಲೆ ಬೀಳುವುದೂ ಕಡಿಮೆಯಾಗುತ್ತದೆ.

ರಾಜ್ಯದ ದೊಡ್ಡ ಚಿತ್ರವೂ ಇದನ್ನೇ ಹೇಳುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ. ನೂರಕ್ಕೆ 31ಕ್ಕಿಂತ ಹೆಚ್ಚು ಸಿಸೇರಿಯನ್. ಸೇವೆಯ ಪ್ರಮಾಣ ನೋಡಿದರೆ ನಾವು ಯಾರಿಗೂ ಕಡಿಮೆ ಇಲ್ಲ. ಆದರೆ 2018-20ರ ಲೆಕ್ಕದಲ್ಲಿ ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು ಕೇರಳದಲ್ಲಿ 19, ತೆಲಂಗಾಣದಲ್ಲಿ 43, ಆಂಧ್ರದಲ್ಲಿ 45, ತಮಿಳುನಾಡಿನಲ್ಲಿ 54, ನಮ್ಮಲ್ಲಿ 69. ದಕ್ಷಿಣದ ರಾಜ್ಯಗಳಲ್ಲಿ ನಾವೇ ಕೊನೆ. ಹೆಂಗಸರು ಆಸ್ಪತ್ರೆಗೆ ಬರುತ್ತಿದ್ದಾರೆ, ಬಂದೂ ಸಾಯುತ್ತಿದ್ದಾರೆ. ಬಳ್ಳಾರಿಯ ಘಟನೆಯ ನಂತರ ರಾಜ್ಯ ಸರಕಾರವೇ ಮಾಡಿಸಿದ ಆಡಿಟ್ ನೂರಕ್ಕೆ ಸುಮಾರು 70ರಷ್ಟು ತಾಯಂದಿರ ಸಾವುಗಳನ್ನು ತಪ್ಪಿಸಬಹುದಿತ್ತು ಅಂದಿತು. ಇದು ವಿರೋಧ ಪಕ್ಷದ ಆರೋಪ ಅಲ್ಲ, ಸರಕಾರದ್ದೇ ಮಾತು.

ಹಾಗಾದರೆ ಅಳೆಯುವುದೇ ಬೇಡವೇ? ಹಾಗಲ್ಲ. ಸರಿಯಾಗಿ ಅಳೆದರೆ ಏನಾಗುತ್ತದೆ ಅಂತ ನಮ್ಮ ಉತ್ತರ ಕರ್ನಾಟಕವೇ ಜಗತ್ತಿಗೆ ತೋರಿಸಿದ್ದುಂಟು. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಜಾರಿಯಾದದ್ದು ಗುಲ್ಬರ್ಗ ವಿಭಾಗದಲ್ಲಿ, ಅದರೊಳಗೆ ಬಳ್ಳಾರಿಯೂ ಇತ್ತು. ಬಿಪಿಎಲ್ ಕುಟುಂಬಗಳಿಗೆ ಹೃದಯ, ಕ್ಯಾನ್ಸರ್, ಕಿಡ್ನಿಯಂಥ ದೊಡ್ಡ ಕಾಯಿಲೆಗಳಿಗೆ ಉಚಿತ ಚಿಕಿತ್ಸೆ. ದಕ್ಷಿಣದ ಜಿಲ್ಲೆಗಳಿಗೆ ಅದು ಬರಲು ಇನ್ನೆರಡು ವರ್ಷ ಹಿಡಿಯಿತು. ಈ ಅಂತರದಲ್ಲಿ ಸಂಶೋಧಕರ ತಂಡವೊಂದು ಗಡಿಯ ಆಚೀಚೆಯ ಹಳ್ಳಿಗಳಿಗೆ ಹೋಯಿತು: ಯೋಜನೆ ಬಂದ 300 ಹಳ್ಳಿ, ಇನ್ನೂ ಬಾರದ 272 ಹಳ್ಳಿ. ಮಳೆ, ಬೆಳೆ, ಮಾತು ಎಲ್ಲ ಹೆಚ್ಚುಕಮ್ಮಿ ಒಂದೇ, ಕಾರ್ಡು ಮಾತ್ರ ಬೇರೆ. ಅವರು ಆಸ್ಪತ್ರೆಗಳಲ್ಲಿ ಎಷ್ಟು ಆಪರೇಷನ್ ಆಯಿತು ಅಂತ ಕೇಳುತ್ತ ಕೂರಲಿಲ್ಲ. ಮನೆಮನೆಗೆ ಹೋಗಿ, ಯಾರು ಸತ್ತರು, ಯಾವ ಕಾಯಿಲೆಯಿಂದ, ಕೈಯಿಂದ ಎಷ್ಟು ಹಣ ಹೋಯಿತು ಅಂತ ಕೇಳಿದರು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಉತ್ತರ ಹೀಗಿತ್ತು: ಯೋಜನೆಯೊಳಗಿನ ಕಾಯಿಲೆಗಳಿಂದ ಬಿಪಿಎಲ್ ಕುಟುಂಬಗಳಲ್ಲಿ ಆದ ಸಾವು ಯೋಜನೆ ಇಲ್ಲದ ಕಡೆ ಶೇ. 0.90, ಇದ್ದ ಕಡೆ ಶೇ. 0.32. ಅಂದರೆ ಶೇ. 64ರಷ್ಟು ಕಡಿಮೆ. ಆಸ್ಪತ್ರೆಗೆ ಸೇರಿದವರ ಕೈಖರ್ಚು ಸುಮಾರು ಮೂರನೇ ಒಂದರಷ್ಟು ಇಳಿದಿತ್ತು.

ಯೋಜನೆಗೆ ಯಾವ ನಾಯಕರ ಹೆಸರಿತ್ತು ಎಂಬುದು ನಮಗೆ ಮುಖ್ಯವಲ್ಲ. ಬಡವನ ಮನೆಯಲ್ಲಿ ಸಾವು ಕಡಿಮೆಯಾಯಿತೋ ಎಂಬ ಪ್ರಶ್ನೆ ಕೇಳಿದರಲ್ಲ, ಅದು ಮುಖ್ಯ. ಆಸ್ಪತ್ರೆಯ ಬಾಗಿಲಿನೊಳಗೆ ನಿಂತು ಎಣಿಸಿದ್ದರೆ ಈ ಉತ್ತರ ಎಂದೂ ಸಿಗುತ್ತಿರಲಿಲ್ಲ.

ಈ ವಿಚಾರ ಹೊಸದೂ ಅಲ್ಲ. ನೂರು ವರ್ಷದ ಹಿಂದೆಯೇ ಅಮೆರಿಕದ ಬೋಸ್ಟನ್‌ನಲ್ಲಿ ಅರ್ನೆಸ್ಟ್ ಕಾಡ್‌ಮನ್ ಎಂಬ ಸರ್ಜನ್, ಪ್ರತಿ ರೋಗಿಗೂ ಒಂದು ಕಾರ್ಡು ಮಾಡಿ, ವರ್ಷದ ನಂತರ ಆತ ಹೇಗಿದ್ದಾನೆ ಅಂತ ವಿಚಾರಿಸಿ ಬರೆಯಬೇಕು, ಗುಣವಾಗದಿದ್ದರೆ ಏಕೆ ಅಂತ ಹುಡುಕಬೇಕು ಎಂದು ಹಟ ಹಿಡಿದಿದ್ದರು. ದೊಡ್ಡಾಸ್ಪತ್ರೆಯ ಸಹೋದ್ಯೋಗಿಗಳಿಗೆ ಇದು ಸರಿಬರಲಿಲ್ಲ, 1914ರಲ್ಲಿ ಅವರು ಅಲ್ಲಿಂದ ಹೊರಬಂದರು. ತಪ್ಪು ಸಂಖ್ಯೆಯ ಹಿಂದೆ ಬಿದ್ದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಸ್ಟಾಫರ್ಡ್ ಆಸ್ಪತ್ರೆ ಸಾಕು. ತುರ್ತು ವಿಭಾಗದಲ್ಲಿ ನಾಲ್ಕು ಗಂಟೆಯೊಳಗೆ ರೋಗಿಯನ್ನು ವಿಲೇವಾರಿ ಮಾಡಬೇಕೆಂಬ ಗುರಿ, ಖರ್ಚು ಕಡಿಮೆ ಮಾಡಬೇಕೆಂಬ ಗುರಿ, ಇವೆರಡರ ಬೆನ್ನು ಹತ್ತಿದ ಆಡಳಿತದ ಕೆಳಗೆ ವಾರ್ಡುಗಳಲ್ಲಿ ರೋಗಿಗಳು ಕುಡಿಯಲು ನೀರೂ ಕೈಗೆ ಸಿಗದೆ ನರಳಿದರು. 2013ರಲ್ಲಿ ಬಂದ ರಾಬರ್ಟ್ ಫ್ರಾನ್ಸಿಸ್ ವಿಚಾರಣಾ ವರದಿ ಅದನ್ನೆಲ್ಲ ಬಿಚ್ಚಿಟ್ಟಿತು. ಅಷ್ಟು ಶ್ರೀಮಂತ ದೇಶದಲ್ಲಿ ಹೀಗಾಯಿತು ಅಂದರೆ ನಮ್ಮದು ಯಾವ ಲೆಕ್ಕ.

ಇನ್ನೊಂದು ಮುಖ. ಈ ಸಂಖ್ಯೆಗಳನ್ನೆಲ್ಲ ಬರೆಯುವವರು ಯಾರು? ಆಶಾ ಅಕ್ಕಂದಿರು, ಉಪಕೇಂದ್ರದ ಸಿಸ್ಟರ್‌ಗಳು. ಬಸುರಿಯ ಮನೆಗೆ ಹೋಗಬೇಕು, ತಾಯಿ ಕಾರ್ಡು ತುಂಬಬೇಕು, ರಿಜಿಸ್ಟರಿನಲ್ಲಿ ಬರೆಯಬೇಕು, ಮತ್ತೆ ಅದನ್ನೇ ಮೊಬೈಲಿಗೆ ಏರಿಸಬೇಕು, ನೆಟ್‌ವರ್ಕ್ ಇಲ್ಲದಿದ್ದರೆ ಗುಡ್ಡವೋ ಮಾಳಿಗೆಯೋ ಹತ್ತಬೇಕು. 2025ರ ಜನವರಿಯಲ್ಲಿ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಅವರು ಹಗಲಿರುಳು ಕೂತ ಮೇಲೆ ತಿಂಗಳಿಗೆ 10,000 ರೂಪಾಯಿ ಖಾತ್ರಿಯ ಭರವಸೆ ಸಿಕ್ಕಿತು. ಅವರ ಬೇಡಿಕೆಗಳಲ್ಲಿ ಈ ಆನ್‌ಲೈನ್ ನೋಂದಣಿಯ ಗೋಳೂ ಇತ್ತು. ಒಂದು ಹೊಸ ಸಂಖ್ಯೆ ಬೇಕು ಅಂತ ಮೇಲಿನವರು ಕೇಳಿದಾಗಲೆಲ್ಲ ಕೆಳಗೆ ಒಬ್ಬ ಬಸುರಿಯ ಮನೆ ಭೇಟಿ ಹದಿನೈದು ನಿಮಿಷ ಕಡಿಮೆಯಾಗುತ್ತದೆ. ಹಾಗಾಗಿ ನಾವು ಹೊಸ ಲೆಕ್ಕ ಕೇಳುವಾಗ ಹಳೆಯದ್ದನ್ನು ಕೈಬಿಡಿ ಅಂತಲೂ ಕೇಳಬೇಕು. ಒಂದೇ ಮಾಹಿತಿಯನ್ನು ಮೂರು ಕಡೆ ಬರೆಸುವುದು ಯಾರ ದಕ್ಷತೆ, ನೀವೇ ಹೇಳಿ.

ಹಣ ಇಲ್ಲ ಎಂಬ ಮಾತು ಬಳ್ಳಾರಿಯ ಮಟ್ಟಿಗಂತೂ ನಡೆಯುವುದಿಲ್ಲ. ಸಂಡೂರಿನ ಗಣಿಗಳಿಂದ ಬರುವ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಇದೆ. 2015ರ ನಿಯಮದಲ್ಲೇ ಅದರ ಕನಿಷ್ಠ ಶೇ. 60 ಭಾಗ ಕುಡಿಯುವ ನೀರು, ಆರೋಗ್ಯ, ಶಿಕ್ಷಣದಂಥ ಆದ್ಯತೆಯ ಬಾಬತ್ತುಗಳಿಗೆ ಹೋಗಬೇಕು ಅಂತಿತ್ತು. 371(ಜೆ) ಬಂದ ಮೇಲಿನ ಕಲ್ಯಾಣ ಕರ್ನಾಟಕ ಮಂಡಳಿಯ ಅನುದಾನ ಇದೆ. ಆದರೆ ಅಲ್ಲೂ ಅಳತೆ ಎಂದರೆ ‘ಎಷ್ಟು ಖರ್ಚಾಯಿತು’. ಕಟ್ಟಡ ಎದ್ದರೆ ಖರ್ಚಾಗುತ್ತದೆ, ಯಂತ್ರ ಬಂದರೆ ಖರ್ಚಾಗುತ್ತದೆ, ಟೇಪು ಕತ್ತರಿಸುವ ಫೋಟೋ ಬರುತ್ತದೆ. ಯಂತ್ರ ನಡೆಸುವ ಟೆಕ್ನೀಷಿಯನ್, ಜನರೇಟರ್ ನೋಡುವ ಎಲೆಕ್ಟ್ರಿಷಿಯನ್ ಇವರಿಗೆ ಟೇಪು ಕಟ್ಟಲಾಗುವುದಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ವಿಮ್ಸ್‌ನ ಐಸಿಯುವಿನಲ್ಲಿ ಕರೆಂಟು ಹೋದಾಗ ವೆಂಟಿಲೇಟರಿನಲ್ಲಿದ್ದ ರೋಗಿಗಳು ತೀರಿಕೊಂಡರು. ಸಾವಿಗೆ ಕಾರಣ ಕರೆಂಟೋ ಕಾಯಿಲೆಯೋ ಅಂತ ವಿಧಾನಸಭೆಯಲ್ಲಿ ಜಗಳವೇ ಆಯಿತು. ಜಗಳ ಇರ್ಲಿ. ಬ್ಯಾಕಪ್ ವ್ಯವಸ್ಥೆಯನ್ನು ಕೊನೆಯ ಬಾರಿ ಪರೀಕ್ಷಿಸಿದ್ದು ಯಾವತ್ತು ಎಂಬ ಒಂದು ಸಾಲು ಆಸ್ಪತ್ರೆಯ ದಕ್ಷತೆಯ ಪಟ್ಟಿಯಲ್ಲಿ ಇರಬೇಕೋ ಬೇಡವೋ?

ಹಿಂದೆ, 2002ರಲ್ಲಿ, ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 35 ಸೂಚಕಗಳನ್ನು ಹಿಡಿದು ರಾಜ್ಯದ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವು ಅಂತ ಗುರುತಿಸಿತು. ಅದು ಆ ಕಾಲಕ್ಕೆ ದೊಡ್ಡ ಕೆಲಸ. ಜನಸಂಖ್ಯೆಗೆ ಎಷ್ಟು ವೈದ್ಯರು, ಎಷ್ಟು ಹಾಸಿಗೆ ಅಂತ ಅಲ್ಲಿ ಎಣಿಸಿದ್ದರು. ಎರಡು ದಶಕ ಕಳೆದರೂ ನಮ್ಮ ಚರ್ಚೆ ಅಲ್ಲೇ ನಿಂತಿದೆ, ಇನ್ನೂ ಹಾಸಿಗೆ ಎಣಿಸುತ್ತಿದ್ದೇವೆ.

ಬಳ್ಳಾರಿಯ ಕೌಲ್ ಬಜಾರ್ ಕಡೆ ಜೀನ್ಸ್ ಹೊಲಿಯುವ ಮನೆಗಳಿವೆ. ಪೀಸ್ ಲೆಕ್ಕದ ಕೂಲಿ. ಅಲ್ಲಿನ ಟೈಲರ್‌ಗೂ ಗೊತ್ತು, ಹೊಲಿದ ಪೀಸ್ ಎಷ್ಟು ಅನ್ನುವುದರ ಜತೆಗೆ ರಿಜೆಕ್ಟ್ ಆಗಿ ವಾಪಸ್ ಬಂದದ್ದೆಷ್ಟು ಅಂತಲೂ ಮಾಲಕ ನೋಡುತ್ತಾನೆ ಅಂತ. ಪ್ಯಾಂಟಿಗೆ ಇರುವ ಆ ಲೆಕ್ಕ ಹೆರಿಗೆಗೆ ಇಲ್ಲ. ಆ ಟೈಲರ್ ಒಂದು ದಿನ ಆಸ್ಪತ್ರೆಯ ಕ್ಯೂನಲ್ಲಿ ನಿಂತರೆ ಆ ದಿನದ ಕೂಲಿ ಹೋಯಿತು. ಹೊರರೋಗಿ ವಿಭಾಗದಲ್ಲಿ ಒಬ್ಬ ಡಾಕ್ಟರ್ ದಿನಕ್ಕೆ 150 ಮಂದಿಯನ್ನು ನೋಡಿದರು ಅಂದರೆ ಆರು ಗಂಟೆಯಲ್ಲಿ ತಲಾ ಎರಡು ನಿಮಿಷ ಇಪ್ಪತ್ತನಾಲ್ಕು ಸೆಕೆಂಡು. ಎರಡು ನಿಮಿಷದಲ್ಲಿ ಸಕ್ಕರೆ ಕಾಯಿಲೆಯವನಿಗೆ ಮಾತ್ರೆ ಬರೆದುಕೊಡಬಹುದು, ಕಾಲಿನ ಗಾಯ ಬಿಚ್ಚಿ ನೋಡಲಾಗುವುದಿಲ್ಲ. ಆರು ತಿಂಗಳ ಮೇಲೆ ಆ ಕಾಲು ಕತ್ತರಿಸುವ ಆಪರೇಷನ್ ಮತ್ತೊಂದು ಕಾಲಂಗೆ ಜಮೆ.

ಇಷ್ಟೆಲ್ಲ ಹೇಳಿ, ಏನು ಮಾಡಬಹುದು? ಪ್ರತಿ ಸರಕಾರಿ ಆಸ್ಪತ್ರೆಗೂ ಒಂದು ಆರೋಗ್ಯ ರಕ್ಷಾ ಸಮಿತಿ ಇರಬೇಕು ಅಂತ ನಿಯಮ ಇದೆ. ಜನಪ್ರತಿನಿಧಿಗಳು, ಅಧಿಕಾರಿಗಳು, ಊರಿನ ನಾಲ್ಕು ಮಂದಿ ಕೂರುವ ಸಮಿತಿ ಅದು. ಸಾಮಾನ್ಯವಾಗಿ ಅಲ್ಲಿ ಚರ್ಚೆಯಾಗುವುದು ಪೇಂಟು, ಫ್ಯಾನು, ನೀರಿನ ಟ್ಯಾಂಕು. ಅದೂ ಬೇಕು. ಆದರೆ ಸಿರುಗುಪ್ಪ, ಕುರುಗೋಡಿನ ಸಮಿತಿಗಳಲ್ಲಿ ಕೂರುವವರು ಕಾಗದ ತೆಗೆದುಕೊಂಡು ಕೆಲವೇ ಪ್ರಶ್ನೆ ಬರೆಯಲಿ. ಕಳೆದ ತಿಂಗಳು ಇಲ್ಲಿಂದ ರೆಫರ್ ಆದವರು ಎಷ್ಟು, ಅವರಲ್ಲಿ ಹಗಲು ಎಷ್ಟು, ರಾತ್ರಿ ಎಷ್ಟು. ಬಳ್ಳಾರಿಯಲ್ಲಿ ಅವರಿಗೆ ಚಿಕಿತ್ಸೆ ಶುರುವಾದದ್ದು ಎಷ್ಟು ಗಂಟೆಗೆ. ಮನೆಗೆ ಹೋದ ಮೇಲೆ ಹದಿನೈದು ದಿನದೊಳಗೆ ಮತ್ತೆ ಯಾವುದಾದರೂ ಆಸ್ಪತ್ರೆಗೆ ಸೇರಿದವರು ಎಷ್ಟು. ಔಷಧಿ ಹೊರಗೆ ತನ್ನಿ ಅಂತ ಚೀಟಿ ಕೊಟ್ಟದ್ದು ಎಷ್ಟು ಮಂದಿಗೆ. ಮತ್ತೆ ಆ ರಾತ್ರಿಗಳ ಲೆಕ್ಕ.

ಇದಕ್ಕೆ ಹೊಸ ಆ್ಯಪ್ ಬೇಕಾಗಿಲ್ಲ. ರೆಫರ್ ಚೀಟಿಯ ಕೆಳಭಾಗದಲ್ಲಿ ಹರಿದುಕೊಳ್ಳುವ ಒಂದು ತುಂಡು ಇರಲಿ. ಬಳ್ಳಾರಿಯಲ್ಲಿ ಡಿಸ್ಚಾರ್ಜ್ ಮಾಡುವಾಗ ಅದರಲ್ಲಿ ಮೂರು ಸಾಲು ಬರೆದು ಸೀಲು ಹಾಕಿ ಮನೆಯವರ ಕೈಗೇ ಕೊಡಲಿ. ಹೆರಿಗೆಯಾದ ಮನೆಗೆ ಆಶಾ ಅಕ್ಕ ಹೇಗೂ ಹೋಗುತ್ತಾರೆ, ಚುಚ್ಚುಮದ್ದಿಗೆ ಮಗುವನ್ನು ಹೇಗೂ ಕರೆತರುತ್ತಾರೆ. ಆಗ ಆ ತುಂಡು ಕುರುಗೋಡಿಗೆ ವಾಪಸ್ ಬಂದೀತು. ವಾಪಸ್ ಬಾರದ ತುಂಡುಗಳ ಮನೆ ಯಾವುದು ಅಂತ ಹುಡುಕಿಕೊಂಡು ಹೋಗುವುದು ಆಮೇಲಿನ ಕೆಲಸ, ಮತ್ತು ಅದನ್ನೇ ಮೊದಲು ಮಾಡಬೇಕು.